ಏಜ್ ಆಫ್ ಎಂಪೈರ್ಸ್ 2 ಎಕಾನಮಿ: ಟೌನ್ ಸೆಂಟರ್ ಒಂದ್ ಸೆಕೆಂಡೂ ಸುಮ್ನೆ ಕೂರ್ಬಾರ್ದು

ನಮಸ್ಕಾರ ಎಲ್ರಿಗೂ! ಇವತ್ತು ಏಜ್ ಆಫ್ ಎಂಪೈರ್ಸ್ 2, ಅದ್ರಲ್ಲೂ ಬರೀ ಎಕಾನಮಿ ಬಗ್ಗೆ ಮಾತಾಡೋಣ. ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿನ ಸೋಲ್ಸೋ ಸ್ಟ್ರಾಟಜಿ ಗೇಮ್ ಇದು, 1999ರಲ್ಲಿ ಬಂದಿದ್ದು, 2019ರಲ್ಲಿ ಡೆಫಿನಿಟಿವ್ ಎಡಿಷನ್ ಬಂದ್ಮೇಲೆ ಮತ್ತೆ ಹೊಸದಾಗಿ ತುಂಬಾ ಜನ ಶುರು ಮಾಡಿದಾರೆ, ನಾನ್ ಹೇಳೋ ನಂಬರ್‌ಗಳೆಲ್ಲ ಡೆಫಿನಿಟಿವ್ ಎಡಿಷನ್‌ದು, ಮಾಮೂಲಿ ರ‍್ಯಾಂಡಮ್ ಮ್ಯಾಪ್‌ದು.

ಹೊಸಬ್ರು ಕೇಳೋದು ಯಾವಾಗ್ಲೂ ಆರ್ಮಿ ಬಗ್ಗೆ. ನೈಟ್ಸ್ ಅಂದ್ರೆ ಕುದುರೆ ಸೈನಿಕರನ್ನ ಮಾಡ್ಲಾ, ಕ್ರಾಸ್‌ಬೋ ಮಾಡ್ಲಾ, ಯಾವ ಸಿವಿಲೈಸೇಷನ್ (ಆಡೋಕೆ ಆರಿಸ್ಕೊಳೋ ಜನಾಂಗ, ಚಿಕ್ಕದಾಗಿ ಸಿವಿ) ಬೆಸ್ಟು ಅಂತ. ಆದ್ರೆ ನಿಮ್ಹತ್ರ ನಾಲ್ಕು ನೈಟ್ ಇರೋ ಟೈಮಲ್ಲಿ ಎದುರಾಳಿ ಹತ್ತು ನೈಟ್ ತಗೊಂಡು ಬಾಗಿಲಿಗೆ ಬಂದು ನಿಂತಿದಾನೆ ಅಂದ್ರೆ ಅಲ್ಲಿ ಯಾವ ಸಿವಿನೂ ಉಳ್ಸಲ್ಲ ಗುರು, ಆ ಗೇಮ್ ಸೋತಿದ್ದು ಯುದ್ಧದಲ್ಲಲ್ಲ, ಮೊದಲ ಹತ್ತು ನಿಮಿಷದಲ್ಲಿ.

ಹಾಗಾದ್ರೆ ಆ ಹತ್ತು ನಿಮಿಷದಲ್ಲಿ ಏನ್ ನಡೆಯುತ್ತೆ ನೋಡೋಣ.

[ಸ್ಕ್ರೀನ್ ಮೇಲೆ: ಗೇಮ್ ಶುರುವಾದ ಕ್ಷಣ, ಮೇಲ್ಗಡೆ ರಿಸೋರ್ಸ್ ಬಾರ್ ಝೂಮ್]

ಶುರುವಲ್ಲಿ ನಿಮಗೆ ಸಿಗೋದು ಟೌನ್ ಸೆಂಟರ್ ಅನ್ನೋ ಮುಖ್ಯ ಕಟ್ಟಡ (ವಿಲೇಜರ್ ಹುಟ್ಟೋದು ಇಲ್ಲೇ), ಕೆಲಸ ಮಾಡೋ 3 ವಿಲೇಜರ್, ಮ್ಯಾಪ್ ಹುಡ್ಕೋಕೆ ಒಂದು ಸ್ಕೌಟ್, 200 ಫುಡ್, 200 ವುಡ್, 100 ಗೋಲ್ಡ್, 200 ಸ್ಟೋನ್. ಒಬ್ಬ ವಿಲೇಜರ್‌ಗೆ 50 ಫುಡ್, ಹುಟ್ಟೋಕೆ 25 ಸೆಕೆಂಡು. ಅಂದ್ರೆ ಇರೋ ಫುಡ್‌ನಲ್ಲಿ ನಾಲ್ಕು ವಿಲೇಜರ್ ಬರ್ತಾರೆ, 100 ಸೆಕೆಂಡಲ್ಲಿ ಫುಡ್ ಪೂರ್ತಿ ಖಾಲಿ, ಅಷ್ಟ್ರೊಳಗೆ ಕುರಿ ಹುಡ್ಕಿ ತಂದು ಫುಡ್ ಬರೋ ಹಾಗೆ ಮಾಡ್ಕೊಂಡಿಲ್ಲ ಅಂದ್ರೆ ಟೌನ್ ಸೆಂಟರ್ ಸುಮ್ನೆ ನಿಂತ್ಕೊಳುತ್ತೆ. ಇನ್ನೊಂದು ಏನಂದ್ರೆ ಟೌನ್ ಸೆಂಟರ್ ಬರೀ 5 ಜನಕ್ಕೆ ಜಾಗ ಕೊಡೋದು, ಆಗ್ಲೇ ನೀವು 4 ಜನ ಇದೀರ, ಅದಕ್ಕೇ ಮೊದಲ ಸೆಕೆಂಡಲ್ಲೇ ಇಬ್ರನ್ನ ಮನೆ ಕಟ್ಟೋಕೆ ಕಳ್ಸೋದು. ಮನೆಗೆ 25 ವುಡ್ಡು, ಐದು ಜನಕ್ಕೆ ಜಾಗ.

ಈಗ ಈ ವಿಡಿಯೋದ ಮುಖ್ಯ ಲೆಕ್ಕಕ್ಕೆ ಬರ್ತೀನಿ, ಇದೊಂದು ತಲೇಲಿ ಕೂತ್ರೆ ಅರ್ಧ ಗೇಮ್ ಅರ್ಥ ಆದ ಹಾಗೆ.

ಟೌನ್ ಸೆಂಟರ್ ಒಂದೇ ಸಮನೆ ವಿಲೇಜರ್ ಮಾಡ್ತಾ ಇದ್ರೆ 25 ಸೆಕೆಂಡಿಗೆ 50 ಫುಡ್, ನಿಮಿಷಕ್ಕೆ 120 ಫುಡ್ ತಿನ್ನುತ್ತೆ. ಕುರಿ ಹತ್ರ ಕೆಲಸ ಮಾಡೋ ಒಬ್ಬ ವಿಲೇಜರ್ ನಿಮಿಷಕ್ಕೆ ಸುಮಾರು 20 ಫುಡ್ ತರ್ತಾನೆ. 120ನ 20ರಿಂದ ಭಾಗಿಸಿ, ಆರು! ಅದಕ್ಕೇ ಯಾವಾಗ ಏನ್ ಮಾಡ್ಬೇಕು ಅನ್ನೋ ಪಟ್ಟಿಗಳಾದ ಹೆಚ್ಚಿನ ಬಿಲ್ಡ್ ಆರ್ಡರ್‌ಗಳಲ್ಲೂ ಮೊದಲ ಆರು ಜನ ಕುರಿಗೆ ಅಂತ ಇರೋದು. ಯಾರೋ ಪ್ರೋ ಪ್ಲೇಯರ್ ಹೇಳಿದ್ರು ಅಂತ ಬಾಯಿಪಾಠ ಮಾಡೋ ನಂಬರ್ ಅಲ್ಲ ಅದು. ಆರು ಜನ ಫುಡ್ಡಲ್ಲಿ ಇದ್ರೆ ಟೌನ್ ಸೆಂಟರ್ ತನ್ನ ಹೊಟ್ಟೆ ತಾನೇ ತುಂಬಿಸ್ಕೊಳುತ್ತೆ, ಏಳನೆಯವ್ನಿಂದ ಬರೋದೆಲ್ಲ ನಿಮ್ಮ ಉಳಿತಾಯ.

ಮತ್ತೆ 50 ಫುಡ್ ಖರ್ಚು ಮಾಡಿ ಮಾಡಿದ ವಿಲೇಜರ್ ಎರಡೂವರೆ ನಿಮಿಷದಲ್ಲಿ ಆ 50ನ ವಾಪಸ್ ತಂದ್ಕೊಡ್ತಾನೆ, ಆಮೇಲೆ ಗೇಮ್ ಮುಗಿಯೋವರ್ಗೂ ಲಾಭನೇ. ಆದ್ರಿಂದ ಮೂರನೇ ನಿಮಿಷದಲ್ಲಿ ಟೌನ್ ಸೆಂಟರ್ ಒಂದು ನಿಮಿಷ ಖಾಲಿ ಕೂತ್ರೆ ಬರೀ ಇಬ್ಬರು ವಿಲೇಜರ್ ಹೋದ್ರು ಅಂತಲ್ಲ, ಆಮೇಲೆ ಬರೋ ಒಬ್ಬೊಬ್ಬನೂ ಒಂದೊಂದು ನಿಮಿಷ ಲೇಟು, ಗೇಮಿನ ಮುಂದಿನ ಹಂತ ಫ್ಯೂಡಲ್ ಏಜ್ ಲೇಟು, ಅದ್ರ ಮುಂದಿನ ಕ್ಯಾಸಲ್ ಏಜ್ ಲೇಟು, ಎಲ್ಲಾ ಲೇಟು. ಎಚ್ ಒತ್ತಿದ್ರೆ ಟೌನ್ ಸೆಂಟರ್ ಸೆಲೆಕ್ಟ್ ಆಗುತ್ತೆ, ಮೌಸ್ ಹಿಡ್ಕೊಂಡು ಮ್ಯಾಪೆಲ್ಲ ಹುಡುಕ್ಬೇಡಿ, ಆ ಕೀ ಬೆರಳಿಗೆ ಅಭ್ಯಾಸ ಆಗ್ಬೇಕು.

ಕುರಿ ಒಂದೊಂದ್ರಲ್ಲೂ 100 ಫುಡ್ ಇರುತ್ತೆ, ಟೌನ್ ಸೆಂಟರ್ ಗೋಡೆಗೆ ಅಂಟ್ಸಿ ನಿಲ್ಸಿ ಒಂದಾದ್ಮೇಲೆ ಒಂದು ಕಡೀರಿ, ಎಲ್ಲಾ ಒಟ್ಟಿಗೆ ಕಡಿದ್ರೆ ಮಾಂಸ ಕೊಳೀತಾ ಹೋಗುತ್ತೆ.

[ಸ್ಕ್ರೀನ್ ಮೇಲೆ: ಕಾಡುಹಂದಿ ಲ್ಯೂರ್, ನಿಧಾನ ಸ್ಪೀಡಲ್ಲಿ]

ಆಮೇಲೆ ಕಾಡುಹಂದಿ, ನನಗೆ ಇಡೀ ಗೇಮಲ್ಲಿ ತುಂಬಾ ಇಷ್ಟ ಆಗೋ ಭಾಗ ಇದು. ಒಂದು ಹಂದಿಲಿ 340 ಫುಡ್, ಅಂದ್ರೆ ಮೂರೂವರೆ ಕುರಿ, ಜೊತೆಗೆ ಬೇಟೆ ಮಾಂಸ ಕುರಿಗಿಂತ ಸ್ಪೀಡಾಗಿ ಬರುತ್ತೆ. ಆದ್ರೆ ಹಂದಿ ಇರೋ ಜಾಗದಲ್ಲೇ ಹೊಡೆದ್ರೆ ಹೊತ್ಕೊಂಡು ಬರೋದ್ರಲ್ಲೇ ಟೈಮ್ ಹೋಗುತ್ತೆ, ಅದನ್ನ ಮನೆ ಹತ್ರ ಕರ್ಕೊಂಡು ಬರ್ಬೇಕು. ಸದ್ಯ ಕಡೀತಿರೋ ಕುರೀಲಿ ಮಾಂಸ ಕಮ್ಮಿ ಆಗ್ತಿದೆ ಅನ್ನುವಾಗ ಒಬ್ಬ ವಿಲೇಜರ್‌ನ ಕಳ್ಸಿ, ಅವ್ನು ಬಾಣ ಬಿಟ್ಟ ತಕ್ಷಣ ಹಂದಿ ಅಟ್ಟಿಸ್ಕೊಂಡು ಬರುತ್ತೆ, ಆವಾಗ ಅವ್ನನ್ನ ಸೀದಾ ಟೌನ್ ಸೆಂಟರ್ ಕಡೆಗೆ ಓಡಿಸಿ, ಮಧ್ಯ ಎಲ್ಲೂ ನಿಲ್ಲಿಸ್ಬೇಡಿ, ವಿಲೇಜರ್‌ಗೆ ಇರೋದೇ 25 ಹಿಟ್ ಪಾಯಿಂಟು (ಜೀವದ ಅಳತೆ). ಹತ್ರ ಬಂದ್ಮೇಲೆ ಅವ್ನನ್ನ ಒಳಗೆ ಗ್ಯಾರಿಸನ್ ಮಾಡಿ, ಕುರಿ ಹತ್ರ ಇದ್ದವ್ರನ್ನೆಲ್ಲ ಹಂದಿ ಮೇಲೆ ಬಿಡಿ. ಮುಗೀತು, ಊಟ ಮನೆ ಬಾಗಿಲಿಗೇ ಬಂತು. ಲೂಮ್ ಅನ್ನೋ ಅಪ್‌ಗ್ರೇಡ್ ಮಾಡಿದ್ರೆ ವಿಲೇಜರ್‌ಗೆ 15 ಹಿಟ್ ಪಾಯಿಂಟ್ ಜಾಸ್ತಿ ಸಿಗುತ್ತೆ, ಹೊಸಬ್ರು ಹಂದಿಗೆ ಹೋಗೋ ಮುಂಚೆ ಮಾಡ್ಕೊಂಡ್ರೆ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ, ಅನುಭವ ಆದವ್ರು ಫ್ಯೂಡಲ್ ಕ್ಲಿಕ್ ಮಾಡೋ ಮುಂಚೆ ಮಾಡ್ತಾರೆ.

ಆರು ಜನ ಕುರಿಗೆ ಆದ್ಮೇಲೆ ನಾಲ್ಕು ಜನ ಮರಕ್ಕೆ, ಒಬ್ಬ ಹಂದಿಗೆ, ನಾಲ್ಕು ಜನ ಬೆರ‍್ರಿಗೆ ಪಕ್ಕದಲ್ಲೇ ಮಿಲ್ (ಫುಡ್ ತಂದು ಹಾಕೋ ಕಟ್ಟಡ) ಕಟ್ಟಿ, ಉಳಿದವ್ರನ್ನ ನಿಮ್ಮ ಪ್ಲಾನ್ ನೋಡ್ಕೊಂಡು ಹಂಚಿ. 21 ವಿಲೇಜರ್ ಆದಾಗ ಫ್ಯೂಡಲ್ ಕ್ಲಿಕ್ ಮಾಡ್ತೀರ ಅಂತಿಟ್ಕೊಳಿ. ಹೊಸದಾಗಿ ಮಾಡಿದ್ದು 18 ಜನ, ತಲಾ 25 ಸೆಕೆಂಡು ಅಂದ್ರೆ ಏಳೂವರೆ ನಿಮಿಷ, ಲೂಮ್‌ಗೆ ಇನ್ನೊಂದು 25 ಸೆಕೆಂಡು, ಒಟ್ಟು 7:55. ಫ್ಯೂಡಲ್‌ಗೆ 500 ಫುಡ್ಡು, 130 ಸೆಕೆಂಡು, ಹಾಗಾದ್ರೆ 10:05ಕ್ಕೆ ನೀವು ಫ್ಯೂಡಲ್‌ನಲ್ಲಿ ಇರ್ಬೇಕು. ನಿಮ್ಮ ಗೇಮಲ್ಲಿ ಅದು 13 ನಿಮಿಷ ಆಗ್ತಿದೆ ಅಂದ್ರೆ ಆ ಮೂರು ನಿಮಿಷ ಟೌನ್ ಸೆಂಟರ್ ಸುಮ್ನೆ ಕೂತಿತ್ತು, ಬೇರೆ ಯಾವ ಕಾರಣನೂ ಇಲ್ಲ.

ಎರಡನೇ ದೊಡ್ಡ ಸೋರಿಕೆ ನಡಿಗೆ. ಇದನ್ನ ಯಾರೂ ಗಮನಿಸೋದೇ ಇಲ್ಲ.

[ಸ್ಕ್ರೀನ್ ಮೇಲೆ: ಲಂಬರ್ ಕ್ಯಾಂಪ್, ಅದರಿಂದ ನಾಲ್ಕು ಟೈಲ್ ದೂರದ ಮರ]

ಶುರುವಲ್ಲಿ ವಿಲೇಜರ್ ಒಂದ್ಸಲಕ್ಕೆ 10 ವುಡ್ ಹೊತ್ತು ಲಂಬರ್ ಕ್ಯಾಂಪ್‌ಗೆ ತಂದು ಹಾಕ್ತಾನೆ, ಅಷ್ಟು ಕಡಿಯೋಕೆ ಸುಮಾರು 25 ಸೆಕೆಂಡ್ ಬೇಕು. ಮರ ಕ್ಯಾಂಪ್‌ನಿಂದ ನಾಲ್ಕು ಟೈಲ್ (ಮ್ಯಾಪಿನ ಚೌಕ) ದೂರ ಇದೆ ಅಂತಿಟ್ಕೊಳಿ, ಹೋಗಿ ಬರೋಕೆ 10 ಸೆಕೆಂಡು. ಅಲ್ಲಿಗೆ 35 ಸೆಕೆಂಡಲ್ಲಿ 10 ಸೆಕೆಂಡ್ ಬರೀ ನಡೀತಾ ಇದಾನೆ! ಫ್ಯೂಡಲ್‌ಗೆ ಹೋಗಿ 100 ಫುಡ್ 50 ವುಡ್ ಕೊಟ್ಟು ಡಬಲ್ ಬಿಟ್ ಆಕ್ಸ್ ಮಾಡಿದ್ರೆ ಕಡಿಯೋ ಸ್ಪೀಡ್ 20 ಪರ್ಸೆಂಟ್ ಜಾಸ್ತಿ ಆಗುತ್ತೆ, ಅದನ್ನ ಖಂಡಿತ ಮಾಡ್ಲೇಬೇಕು, ಆದ್ರೆ ಮರ ದೂರ ಆದಾಗ 100 ವುಡ್ ಖರ್ಚು ಮಾಡಿ ಹೊಸ ಕ್ಯಾಂಪ್ ಕಟ್ಟಿದ್ರೆ ಅದಕ್ಕಿಂತ ಜಾಸ್ತಿ ಸಿಗುತ್ತೆ. ಹತ್ತು ಹನ್ನೆರಡು ಜನ ಮರ ಕಡೀತಾ ಇದ್ರೆ ಆ 100 ಎಷ್ಟ್ ಬೇಗ ವಾಪಸ್ ಬರುತ್ತೆ ಅಂತ ನೀವೇ ಯೋಚ್ನೆ ಮಾಡಿ. ವೀಲ್‌ಬ್ಯಾರೋ ಅನ್ನೋ ಅಪ್‌ಗ್ರೇಡ್ ಇಷ್ಟು ಮುಖ್ಯ ಆಗೋದೂ ಇದೇ ಕಾರಣಕ್ಕೆ, ನಡಿಗೆ ಬೇಗ, ಹೊರೆ ಜಾಸ್ತಿ. ಆದ್ರೆ ಅದು ಟೌನ್ ಸೆಂಟರ್‌ನಲ್ಲೇ 75 ಸೆಕೆಂಡ್ ತಗೊಳುತ್ತೆ, ಅಂದ್ರೆ ಮೂರು ವಿಲೇಜರ್ ಲೇಟ್ ಆಗ್ತಾರೆ, ಅದಕ್ಕೆ ಮೂರ್ನಾಲ್ಕು ಫಾರ್ಮ್ ಮಾತ್ರ ಇರುವಾಗ ಅವಸರ ಬೇಡ.

ಫಾರ್ಮ್ ವಿಷಯ. ಒಂದಕ್ಕೆ 60 ವುಡ್ಡು, ಅದ್ರಿಂದ 175 ಫುಡ್ಡು. 75 ಫುಡ್ 75 ವುಡ್ ಕೊಟ್ಟು ಹಾರ್ಸ್ ಕಾಲರ್ ಮಾಡಿದ್ರೆ ಅದೇ 60 ವುಡ್ಡಿಗೆ 250 ಫುಡ್ ಬರುತ್ತೆ, ಇದನ್ನ ಬಿಟ್ಟು ಒಂದೊಂದೇ ಫಾರ್ಮ್ ಹಾಕ್ತಾ ಹೋಗೋದು ನಿಜ್ವಾಗ್ಲೂ ನಷ್ಟ. ಅಂದ್ಹಾಗೆ ಈ ಹಾರ್ಸ್ ಕಾಲರ್ ಗೇಮಿನವ್ರು ಸುಮ್ನೆ ಹುಟ್ಸಿದ್ದಲ್ಲ. ಯುರೋಪಲ್ಲಿ ಮಧ್ಯಯುಗದಲ್ಲಿ ಇದು ನಿಜ್ವಾಗ್ಲೂ ವ್ಯವಸಾಯನ ಬದಲಾಯಿಸ್ತು, ಹಳೇ ಪಟ್ಟಿ ಕುದುರೆ ಕುತ್ತಿಗೆ ಒತ್ತುತ್ತಿತ್ತು, ಇದ್ರಲ್ಲಿ ಭಾರ ಭುಜದ ಮೇಲೆ ಬೀಳುತ್ತೆ, ಹಾಗಾಗಿ ಕುದುರೆ ಪೂರ್ತಿ ಬಲ ಹಾಕಿ ನೇಗಿಲು ಎಳೀಬೋದಾಯ್ತು. ಕ್ಯಾಸಲ್ ಏಜಲ್ಲಿ ಬರೋ ಹೆವಿ ಪ್ಲೋ ಕೂಡ ಹಾಗೇ, ಉತ್ತರ ಯುರೋಪಿನ ಜಿಗುಟು ಮಣ್ಣನ್ನ ಉಳೋಕೆ ಬಂದ ನಿಜವಾದ ನೇಗಿಲು. ಇಂಥ ವಿಷಯಗಳಿಗೇ ನನಗೆ ಈ ಗೇಮ್ ಮೇಲೆ ಅಷ್ಟು ಪ್ರೀತಿ.

ಈಗ ಬೂಮ್, ಅಂದ್ರೆ ಹಲವು ಟೌನ್ ಸೆಂಟರ್ ಕಟ್ಟಿ ವಿಲೇಜರ್‌ಗಳನ್ನ ಬೇಗ ಬೇಗ ಜಾಸ್ತಿ ಮಾಡೋದು. ಕ್ಯಾಸಲ್ ಏಜ್‌ಗೆ 800 ಫುಡ್ಡು 200 ಗೋಲ್ಡು, ಅಲ್ಲಿಗೆ ಹೋದ್ಮೇಲೆ ಹೊಸ ಟೌನ್ ಸೆಂಟರ್ ಕಟ್ಬೋದು, ಒಂದಕ್ಕೆ 275 ವುಡ್ಡು 100 ಸ್ಟೋನು. ಗಮನಿಸಿ, ಶುರುವಲ್ಲೇ ನಿಮಗೆ 200 ಸ್ಟೋನ್ ಕೊಟ್ಟಿರ್ತಾರೆ, ಅದನ್ನ ಮುಟ್ದೆ ಇಟ್ಕೊಂಡಿದ್ರೆ ಒಂದು ಕಲ್ಲೂ ಒಡೀದೆ ಇನ್ನೆರಡು ಟೌನ್ ಸೆಂಟರ್ ಬರುತ್ತೆ, ಒಟ್ಟು ಮೂರು. ಆದ್ರೆ ಮೂರೂ ಓಡ್ಬೇಕು ಅಂದ್ರೆ ನಿಮಿಷಕ್ಕೆ 360 ಫುಡ್ ಬೇಕು, ಕಮ್ಮಿ ಅಂದ್ರೂ 18 ರೈತರು, 18 ಫಾರ್ಮ್‌ಗೆ 1080 ವುಡ್ಡು! ಹಾಗಾಗಿ ಕ್ಯಾಸಲ್ ಏಜ್‌ಗೆ ಕಾಲಿಟ್ಟಾಗ ಮರಕ್ಕೆ ಜಾಸ್ತಿ ಜನ ಇರ್ಬೇಕು, ಟೌನ್ ಸೆಂಟರ್ ಕಟ್ಬಿಟ್ಟು ಫುಡ್ ಇಲ್ದೆ ಮೂರೂ ಖಾಲಿ ಕೂರೋದನ್ನ ತುಂಬಾ ಗೇಮಲ್ಲಿ ನೋಡ್ತೀವಿ.

ಈ ಲೆಕ್ಕ ಗೊತ್ತಿದ್ರೆ ಸಿವಿ ಬೋನಸ್‌ಗಳೂ ತಾನಾಗೇ ಅರ್ಥ ಆಗುತ್ತೆ. ಬ್ರಿಟನ್ಸ್‌ಗೆ ಕುರಿ ಸ್ಪೀಡು, ಮಂಗೋಲ್ಸ್‌ಗೆ ಬೇಟೆ ಸ್ಪೀಡು, ಟ್ಯೂಟನ್ಸ್‌ಗೆ ಫಾರ್ಮ್ ಅಗ್ಗ. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ಹೆಚ್ಚುವರಿ ಪ್ಯಾಕ್ ಜೊತೆ ಬಂದ ದ್ರವಿಡಿಯನ್ಸ್‌ಗೆ ಪ್ರತಿ ಏಜ್ ಏರಿದಾಗ 200 ವುಡ್ ಫ್ರೀಯಾಗಿ ಸಿಗುತ್ತೆ, ಅಂದ್ರೆ ಫ್ಯೂಡಲ್‌ಗೆ ಬಂದ ತಕ್ಷಣ ಮೂರು ಫಾರ್ಮ್ ಖರ್ಚು ಉಳೀತು. ನಮ್ಮ ದಕ್ಷಿಣದ ಸಿವಿ ಅಂತ ಆಡೋರು ಇದಾರೆ, ಆಡಿ, ಆದ್ರೆ ಅದ್ರಲ್ಲಿ ನೈಟ್ಸ್ ಇಲ್ಲ, ಅದು ಗೊತ್ತಿರ್ಲಿ.

ಮಾರ್ಕೆಟ್ ಬಗ್ಗೆ ಒಂದೇ ಮಾತು. 30 ಪರ್ಸೆಂಟ್ ಕಮಿಷನ್ ಹಿಡೀತಾರೆ, 100 ವುಡ್ ಮಾರಿದ್ರೆ ಮೊದಲ್ನೇ ಸಲ 70 ಗೋಲ್ಡ್ ಬರುತ್ತೆ, ಮಾರ್ತಾ ಹೋದ ಹಾಗೆ ರೇಟ್ ಬೀಳುತ್ತೆ. ಏಜ್ ಏರೋಕೆ ಸ್ವಲ್ಪ ಕಮ್ಮಿ ಬಿದ್ದಾಗ ಬಳಸಿ, ದಿನಚರಿ ಮಾಡ್ಕೋಬೇಡಿ. ಗೋಲ್ಡ್ ಬೇಕಂದ್ರೆ ಕ್ಯಾಸಲ್ ಏಜಲ್ಲಿ ಒಂದು ಮಾಂಕ್ (ಸನ್ಯಾಸಿ) ಕಳ್ಸಿ ಮ್ಯಾಪಲ್ಲಿ ಇರೋ ರೆಲಿಕ್ ಅನ್ನೋ ಪವಿತ್ರ ವಸ್ತು ತನ್ನಿ, ಮೊನಾಸ್ಟರಿ ಒಳಗೆ ಇಟ್ಟ ಒಂದೊಂದು ರೆಲಿಕ್ಕೂ ನಿಮಿಷಕ್ಕೆ ಸುಮಾರು 30 ಗೋಲ್ಡ್ ಕೊಡುತ್ತೆ, ಯಾವ ವಿಲೇಜರೂ ಬೇಡ, ಗಣಿ ಖಾಲಿ ಆದ್ರೂ ಅದು ನಿಲ್ಲಲ್ಲ.

ಇದನ್ನೆಲ್ಲ ಪ್ರಾಕ್ಟೀಸ್ ಮಾಡೋಕೆ ಸೀದಾ ರ‍್ಯಾಂಕ್ಡ್‌ಗೆ ಹೋಗ್ಬೇಡಿ. ಡೆಫಿನಿಟಿವ್ ಎಡಿಷನ್ ಒಳಗೆ ಆರ್ಟ್ ಆಫ್ ವಾರ್ ಅಂತ ಮಿಷನ್‌ಗಳಿವೆ, ಅದ್ರಲ್ಲಿ ಅರ್ಲಿ ಎಕಾನಮಿ ಮೊದ್ಲು ಆಡಿ, ಆಮೇಲೆ ಬೂಮಿಂಗ್. ಗೋಲ್ಡ್ ಮೆಡಲ್ ಬರೋವರ್ಗೂ ಬಿಡ್ಬೇಡಿ, ಅಲ್ಲಿ ಯಾರೂ ಅಟ್ಯಾಕ್ ಮಾಡೋ ಟೆನ್ಷನ್ ಇಲ್ದೆ ಬರೀ ಹಂದಿ, ಕುರಿ, ಮರದ ಮೇಲೆ ಗಮನ ಇಡ್ಬೋದು. ಆಮೇಲೆ ಕಂಪ್ಯೂಟರ್ ಜೊತೆ ಒಂದು ಗೇಮ್ ಆಡಿ, ಮುಗಿದ್ಮೇಲೆ ಬರೋ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಟೆಕ್ನಾಲಜಿ ಟ್ಯಾಬ್ ತೆಗೀರಿ, ಫ್ಯೂಡಲ್ ಎಷ್ಟ್ ನಿಮಿಷಕ್ಕೆ ಆಯ್ತು, ಕ್ಯಾಸಲ್ ಎಷ್ಟಕ್ಕೆ ಆಯ್ತು ಅಂತ ಇರುತ್ತೆ. ಆ ಎರಡು ನಂಬರ್‌ನ ಕಾಮೆಂಟಲ್ಲಿ ಹಾಕಿ, ಯಾವ ಸಿವಿ ಆಡಿದ್ರಿ ಅಂತಾನೂ ಬರೀರಿ, ಮುಂದಿನ ವಿಡಿಯೋದಲ್ಲಿ ಅದ್ರಲ್ಲೇ ಒಂದಷ್ಟು ತಗೊಂಡು ಟೈಮ್ ಎಲ್ಲಿ ಹೋಯ್ತು ಅಂತ ಒಟ್ಟಿಗೆ ಕೂತು ನೋಡೋಣ.