ರೋಲರ್ ಬರುವ ಮೊದಲು: ನಮ್ಮ ರಸ್ತೆಗಳ ಯೋಜನೆ ಮತ್ತು ಗುತ್ತಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ರಸ್ತೆ ಕಿತ್ತು ಹೋದಾಗ ನಾವೆಲ್ಲರೂ ಮೊದಲು ಬೈಯುವುದು ಗುತ್ತಿಗೆದಾರನನ್ನು, ಆಮೇಲೆ ಇಂಜಿನಿಯರನನ್ನು, ಕೊನೆಗೆ ಮಳೆಯನ್ನು. ಮೊದಲಿನ ಇಬ್ಬರಿಗೆ ಅವರವರ ಪಾಲಿನ ಹೊಣೆ ಇದ್ದೇ ಇದೆ. ಆದರೂ ಒಂದು ರಸ್ತೆ ಎಷ್ಟು ಭಾರ ತಾಳಬೇಕು, ಎಷ್ಟು ವರ್ಷ ಬಾಳಬೇಕು, ಕೆಟ್ಟರೆ ಯಾರ ಖರ್ಚಿನಲ್ಲಿ ದುರಸ್ತಿಯಾಗಬೇಕು ಎಂಬುದೆಲ್ಲ ರೋಲರ್ ಬಂದು ನಿಲ್ಲುವುದಕ್ಕೆ ಬಹಳ ಮುಂಚೆಯೇ, ಅಂದಾಜು ಪತ್ರಿಕೆ ಮತ್ತು ಕರಾರುಪತ್ರ ಎಂಬ ಎರಡು ದಾಖಲೆಗಳಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಉದಾಹರಣೆಗಳನ್ನಿಟ್ಟುಕೊಂಡು ಈ ದಾಖಲೆಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಇಂದು ನೋಡೋಣ.

ಲೋಕೋಪಯೋಗಿ ಇಲಾಖೆಯ ಒಂದು ಕಾಮಗಾರಿ ಊರಿನವರ ಮನವಿಯಿಂದಲೋ, ಶಾಸಕರ ಪತ್ರದಿಂದಲೋ, ವಾಹನ ಸಂಚಾರದ ಎಣಿಕೆಯಿಂದಲೋ ಆರಂಭವಾಗಬಹುದು. ಅದಕ್ಕೆ ಹಣ ಸಿಗಬೇಕಾದರೆ ಆಯವ್ಯಯದ ಜೊತೆ ಬರುವ, ಇಲಾಖೆಯವರೆಲ್ಲ ‘ಅನುಬಂಧ-ಇ’ ಎಂದು ಕರೆಯುವ ಕಾಮಗಾರಿಗಳ ಪಟ್ಟಿಯಲ್ಲಿ ಅದು ಸೇರಬೇಕು. ಹೊಸ ನಿರ್ಮಾಣ ಮತ್ತು ಸುಧಾರಣೆಯ ಬಂಡವಾಳ ವೆಚ್ಚ 5054 ಎಂಬ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ. ನಿರ್ವಹಣೆಯ ಹಣ 3054ರಲ್ಲಿ ಬರುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ತಾರತಮ್ಯವೇ ನಮ್ಮ ರಸ್ತೆಗಳ ಅರ್ಧ ಕಥೆ. 5054ರ ಕಾಮಗಾರಿಗೆ ಭೂಮಿಪೂಜೆ ಇದೆ, ಫಲಕವಿದೆ, ಹೂವಿನ ಹಾರವಿದೆ. 3054ರಲ್ಲಿ ಗಟಾರು ತೆಗೆಯುವುದು, ಬದುಗಳಿಗೆ ಗರಸು ಹಾಕುವುದು, ಸಿಡಿಯಲ್ಲಿ, ಅಂದರೆ ರಸ್ತೆಯಡಿಯ ಮೋರಿಯಲ್ಲಿ ತುಂಬಿದ ಹೂಳು ಎತ್ತುವುದು, ಇಂಥ ಯಾರೂ ಫೋಟೋ ತೆಗೆಸಿಕೊಳ್ಳದ ಕೆಲಸಗಳಿರುತ್ತವೆ. ನೀರು ಹರಿದು ಹೋಗದ ರಸ್ತೆಯ ಮೇಲೆ ಎಷ್ಟು ಡಾಂಬರು ಸುರಿದರೂ ಅದು ಉಳಿಯುವುದಿಲ್ಲ ಎಂಬುದು ಗೊತ್ತಿದ್ದೂ, ಹಣದ ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೇ.

ಕಾಮಗಾರಿ ಪಟ್ಟಿಗೆ ಸೇರಿದ ಬಳಿಕ ಅಂದಾಜು ಪತ್ರಿಕೆ ತಯಾರಾಗುತ್ತದೆ. ಅದಕ್ಕೆ ಆಧಾರ ಇಲಾಖೆಯ ದರಪಟ್ಟಿ. ಕಚೇರಿಯ ಮಾತಿನಲ್ಲಿ ಅದು ‘ಎಸ್.ಆರ್.’. ಒಂದು ಘನ ಮೀಟರ್ ಅಗೆತಕ್ಕೆ ಎಷ್ಟು, ಖಡಿಗೆ ಎಷ್ಟು, ಕಾಂಕ್ರೀಟಿಗೆ ಎಷ್ಟು ಎಂಬ ದರಗಳು ಅದರಲ್ಲಿರುತ್ತವೆ. ಇದಕ್ಕೆ ಸೇರುವ ಇನ್ನೊಂದು ಬಾಬತ್ತು ‘ಲೀಡ್’, ಅಂದರೆ ಸಾಮಗ್ರಿಯನ್ನು ಅದು ಸಿಗುವ ಜಾಗದಿಂದ ಕಾಮಗಾರಿಯ ಜಾಗಕ್ಕೆ ತರುವ ದೂರ. ಖಡಿ ಯಾವ ಕ್ವಾರಿಯಿಂದ, ಗರಸು ಯಾವ ಗುಡ್ಡದಿಂದ, ಡಾಂಬರು ಯಾವ ಶುದ್ಧೀಕರಣಾಗಾರದಿಂದ ಬರುತ್ತದೆ ಎಂದು ಕಿಲೋಮೀಟರ್ ಲೆಕ್ಕದಲ್ಲಿ ನಮೂದಿಸಬೇಕು. ಹತ್ತಿರದ ಗುಡ್ಡದ ಗರಸನ್ನು ದೂರದಿಂದ ತಂದಂತೆ ತೋರಿಸಿದರೆ ಅಂದಾಜು ಸುಮ್ಮನೆ ಉಬ್ಬುತ್ತದೆ. ದೂರವನ್ನು ಕಡಿಮೆ ತೋರಿಸಿದರೆ ಗುತ್ತಿಗೆದಾರ ಕಳಪೆ ಸಾಮಗ್ರಿಯಿಂದ ನಷ್ಟ ತುಂಬಿಕೊಳ್ಳಲು ನೋಡುತ್ತಾನೆ. ಹಾಗಾಗಿ ಅಂದಾಜು ಪತ್ರಿಕೆಯನ್ನು ಓದುವವರು ಒಟ್ಟು ಮೊತ್ತಕ್ಕಿಂತ ಮೊದಲು ಲೀಡ್ ಪಟ್ಟಿಯನ್ನು ನೋಡುವುದು ಒಳ್ಳೆಯದು.

ಇನ್ನು ನೆಲದ ವಿಷಯ. ನರಗುಂದ, ರೋಣ, ನವಲಗುಂದ, ಅಣ್ಣಿಗೇರಿ ಭಾಗದ ಎರೆ ಭೂಮಿ ಹತ್ತಿ, ಕಡಲೆ, ಜೋಳಕ್ಕೆ ಎಷ್ಟು ಒಳ್ಳೆಯದೋ ರಸ್ತೆಗೆ ಅಷ್ಟೇ ತೊಡಕಿನದು. ಬೇಸಿಗೆಯಲ್ಲಿ ಗೇಣಗಲ ಬಿರಿಯುವ ಈ ಮಣ್ಣು ಮಳೆಗೆ ಉಬ್ಬುತ್ತದೆ, ಮತ್ತೆ ಒಣಗಿ ಕುಗ್ಗುತ್ತದೆ, ಮೇಲಿನ ಪದರಗಳನ್ನು ಕೆಳಗಿನಿಂದಲೇ ಅಲುಗಾಡಿಸುತ್ತದೆ. ಆದ್ದರಿಂದ ವಿನ್ಯಾಸಕ್ಕೆ ಮೊದಲು ‘ಸಿ.ಬಿ.ಆರ್.’ ಎಂಬ ಪರೀಕ್ಷೆ ನಡೆಯಬೇಕು. ಮಣ್ಣಿನ ಮಾದರಿಯನ್ನು ಅಚ್ಚಿನಲ್ಲಿ ಬಡಿದು ಕೂರಿಸಿ, ನಾಲ್ಕು ದಿನ ನೀರಿನಲ್ಲಿ ನೆನೆಸಿ, ಬಳಿಕ ಉಕ್ಕಿನ ದಂಡವನ್ನು ಒತ್ತಿ ಅದು ಎಷ್ಟು ಬಲ ತಾಳುತ್ತದೆ ಎಂದು ಅಳೆಯುತ್ತಾರೆ. ಎರೆ ಮಣ್ಣಿನಲ್ಲಿ ಈ ಬೆಲೆ ಹಲವು ಕಡೆ ಶೇಕಡಾ 2ರಿಂದ 4ರಷ್ಟೇ ಬರುತ್ತದೆ. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯ ಪ್ರಕಾರ ಉಬ್ಬುವ ಪ್ರಮಾಣ ಶೇಕಡಾ 50ಕ್ಕಿಂತ ಹೆಚ್ಚಿರುವ ಮಣ್ಣನ್ನು ರಸ್ತೆಯ ಏರಿಗೆ ಬಳಸುವಂತಿಲ್ಲ. ಅಂದರೆ ಅಂಥ ಮಣ್ಣನ್ನು ತೆಗೆದು ಒಳ್ಳೆಯ ಗರಸು ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಿ ಗಟ್ಟಿಗೊಳಿಸಬೇಕು. ಎರಡಕ್ಕೂ ಹಣ ಬೇಕು. ಆ ಹಣ ಅಂದಾಜಿನಲ್ಲಿ ಇಲ್ಲದಿದ್ದರೆ ಹೊಲದಲ್ಲಿ ನಿಂತ ಇಂಜಿನಿಯರ್ ಎಷ್ಟು ಪ್ರಾಮಾಣಿಕನಾದರೂ ಅದನ್ನು ಸೃಷ್ಟಿಸಲಾರ. ಪಕ್ಕದ ಕಾಮಗಾರಿಯ ಮಣ್ಣಿನ ವರದಿಯನ್ನೇ ಹೆಸರು ಬದಲಿಸಿ ಲಗತ್ತಿಸುವ ಅಭ್ಯಾಸವಿದ್ದಲ್ಲಿ, ಆ ರಸ್ತೆ ಎರಡನೆಯ ಮಳೆಗಾಲ ಕಾಣುವುದು ಕಷ್ಟ.

ಅಂದಾಜಿಗೆ ಆಡಳಿತಾತ್ಮಕ ಅನುಮೋದನೆ, ಆಮೇಲೆ ತಾಂತ್ರಿಕ ಮಂಜೂರಾತಿ ದೊರೆತ ಬಳಿಕ ಟೆಂಡರ್ ಹೊರಡುತ್ತದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಆಧಾರ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು 2000ದ ನಿಯಮಗಳು. ಆ ನಿಯಮಗಳು ಬಂದಾಗ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕಿಂತ ದೊಡ್ಡದಕ್ಕೆ 60 ದಿನ ಕಾಲಾವಕಾಶ ಕೊಡಬೇಕೆಂದೂ, ಕಡಿಮೆ ಮಾಡುವುದಾದರೆ ಮೇಲಧಿಕಾರಿ ಕಾರಣ ಬರೆದಿಡಬೇಕೆಂದೂ ಇತ್ತು. 2007ರಿಂದ ಇ-ಸಂಗ್ರಹಣೆ ಬಂದು, ಮುಚ್ಚಿದ ಲಕೋಟೆ ಹಿಡಿದು ಕಚೇರಿಯ ಬಾಗಿಲಲ್ಲಿ ಪರಸ್ಪರ ತಡೆಯುವ ಕಾಲ ಹೋಯಿತು. ಈಗ ತಾಂತ್ರಿಕ ಅರ್ಹತೆಯ ಲಕೋಟೆ ಮೊದಲು ತೆರೆಯುತ್ತದೆ. ಅದರಲ್ಲಿ ಉತ್ತೀರ್ಣರಾದವರ ಹಣಕಾಸು ಲಕೋಟೆ ಮಾತ್ರ ನಂತರ ತೆರೆಯುತ್ತದೆ. ಅತಿ ಕಡಿಮೆ ದರದವನಿಗೆ ಕೆಲಸ. ಕಾಯ್ದೆಗೆ ಮುಂದೆ ಬಂದ ತಿದ್ದುಪಡಿಗಳು ನಿರ್ದಿಷ್ಟ ಮೊತ್ತದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲಾತಿಯನ್ನೂ ಕೊಟ್ಟಿವೆ.

ಲಕೋಟೆ ಗಣಕಯಂತ್ರಕ್ಕೆ ಹೋದ ಮೇಲೆ ಜಾಣತನ ಬೇರೆ ಕಡೆ ಸರಿದಿದೆ ಎಂದು ನನ್ನ ಅನಿಸಿಕೆ. ಅರ್ಹತೆಯ ಷರತ್ತುಗಳನ್ನು ಬರೆಯುವಾಗ ಇಂಥ ಯಂತ್ರ ಸ್ವಂತದ್ದಿರಬೇಕು, ಘಟಕ ಇಷ್ಟೇ ದೂರದಲ್ಲಿರಬೇಕು ಎಂದು ಸೇರಿಸುತ್ತ ಹೋದರೆ ಸ್ಪರ್ಧೆ ಇಬ್ಬರು ಮೂವರಿಗೆ ಇಳಿಯುತ್ತದೆ. ಒಂದೇ ಕೆಲಸವನ್ನು ಚೂರು ಮಾಡಿ ತುಂಡು ಗುತ್ತಿಗೆ ಕೊಡುವುದು ಹಳೆಯ ದಾರಿ. ಹತ್ತಾರು ಸಣ್ಣ ಕೆಲಸಗಳನ್ನು ಒಂದೇ ಪ್ಯಾಕೇಜಿನಲ್ಲಿ ಕಟ್ಟಿ ಸ್ಥಳೀಯ ಸಣ್ಣ ಗುತ್ತಿಗೆದಾರರನ್ನು ಹೊರಗಿಡುವುದು ಹೊಸ ದಾರಿ. ಎರಡೂ ಕಾಯ್ದೆಯ ಆಶಯಕ್ಕೆ ವಿರುದ್ಧವಾದವು.

ಗುತ್ತಿಗೆಯ ಬಗೆ ಯಾವುದು ಎಂಬುದು ಇದಕ್ಕಿಂತಲೂ ದೊಡ್ಡ ನಿರ್ಧಾರ. ಸಾಮಾನ್ಯ ಗುತ್ತಿಗೆಯಲ್ಲಿ ಇಲಾಖೆಯೇ ವಿನ್ಯಾಸ ಮಾಡಿ, ಅಳತೆಗೆ ತಕ್ಕಂತೆ ಹಣ ಕೊಡುತ್ತದೆ. ಖಾಸಗಿಯವರೇ ಹಣ ಹೂಡಿ, ಕಟ್ಟಿ, ಟೋಲ್ ಎತ್ತಿ, ಅವಧಿ ಮುಗಿದ ಮೇಲೆ ಹಿಂದಿರುಗಿಸುವ ಬಿ.ಓ.ಟಿ. ಪದ್ಧತಿ ಬೇರೆ. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ ಹಾಕಿದಂತೆ ಇದು: ಕೈಯಿಂದ ಖರ್ಚಿಲ್ಲ, ಆದರೆ ಅವಧಿ ಮುಗಿಯುವವರೆಗೆ ಹೊಲದೊಳಗೆ ನಮ್ಮ ಮಾತು ನಡೆಯುವುದಿಲ್ಲ.

ಇದಕ್ಕೆ ನಮ್ಮೆಲ್ಲರಿಗೂ ತಿಳಿದ ನಿದರ್ಶನ ನರೇಂದ್ರದಿಂದ ಗಬ್ಬೂರುವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸ್. 1990ರ ದಶಕದಲ್ಲಿ ಬಿ.ಓ.ಟಿ. ಕರಾರಿನ ಮೇಲೆ ಎರಡು ಪಥದ ರಸ್ತೆಯಾಗಿ ಇದು ರೂಪುಗೊಂಡಿತು. ಮುಂದೆ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಆ ಕಡೆಯೂ ಈ ಕಡೆಯೂ ಅಗಲವಾಯಿತು. ನಡುವಿನ ಸುಮಾರು 30 ಕಿಲೋಮೀಟರ್ ಮಾತ್ರ ಇಕ್ಕಟ್ಟಾಗಿಯೇ ಉಳಿಯಿತು. ನಾಲ್ಕು ಪಥದಿಂದ ವೇಗವಾಗಿ ಬಂದ ವಾಹನಗಳು ವಿಭಜಕವಿಲ್ಲದ ರಸ್ತೆಯಲ್ಲಿ ಎದುರುಬದುರಾಗುತ್ತಿದ್ದವು. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಮಹಿಳೆಯರು ಗೋವಾ ಪ್ರವಾಸಕ್ಕೆ ಹೊರಟಿದ್ದ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ ಹಲವರು ಪ್ರಾಣ ಕಳೆದುಕೊಂಡಾಗ ಇಡೀ ನಾಡು ಮರುಗಿತು. ಆರು ಪಥದ ವಿಸ್ತರಣೆಗೆ ಶಂಕುಸ್ಥಾಪನೆಯಾದದ್ದು 2022ರ ಫೆಬ್ರವರಿಯಲ್ಲಿ. ಇಷ್ಟು ತಡವಾದುದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ 2024ರವರೆಗೆ ಚಾಚಿಕೊಂಡಿದ್ದ ಆ ಹಳೆಯ ಕರಾರು ದೊಡ್ಡ ಅಡಚಣೆಯಾಗಿತ್ತು. ವಾಹನಗಳ ಸಂಖ್ಯೆ ಇಂತಿಷ್ಟನ್ನು ಮುಟ್ಟಿದ ಕೂಡಲೇ ರಸ್ತೆಯನ್ನು ಅಗಲಗೊಳಿಸಲೇಬೇಕು ಎಂಬ ಕಟ್ಟುನಿಟ್ಟಾದ ಷರತ್ತು ಇಂಥ ದೀರ್ಘ ಕರಾರಿನ ಮೊದಲ ಪುಟಗಳಲ್ಲೇ ಇರಬೇಕು.

ಬಿ.ಓ.ಟಿ.ಯ ಈ ಪೆಡಸುತನದಿಂದ ಕಲಿತು ಬಂದ ಬೇರೆ ಬಗೆಗಳೂ ಇವೆ. ಕೆ-ಶಿಪ್ ಎಂದು ಪರಿಚಿತವಾದ ರಾಜ್ಯ ಹೆದ್ದಾರಿ ಅಭಿವೃದ್ಧಿ ಯೋಜನೆಯ ಎರಡನೆಯ ಹಂತದಲ್ಲಿ ಹಿರೇಕೆರೂರು-ರಾಣೇಬೆನ್ನೂರು, ಮುಂಡರಗಿ-ಹಡಗಲಿ-ಹರಪನಹಳ್ಳಿ ರಸ್ತೆಗಳನ್ನು ವಾರ್ಷಿಕ ಕಂತಿನ ಪದ್ಧತಿಯಲ್ಲಿ ಕೊಡಲಾಯಿತು. ಇದರಲ್ಲಿ ಕಟ್ಟಿದವನೇ ವರ್ಷಗಟ್ಟಲೆ ನಿರ್ವಹಣೆಯನ್ನೂ ಮಾಡಬೇಕು. ಸರ್ಕಾರ ಅವನಿಗೆ ಕಂತು ಕಂತಾಗಿ ಹಣ ಕೊಡುತ್ತದೆ. ರಸ್ತೆ ಕೆಟ್ಟರೆ ಕಂತಿಗೆ ಕತ್ತರಿ. 2016ರಲ್ಲಿ ಕೇಂದ್ರ ತಂದ ಮಿಶ್ರ ಪದ್ಧತಿಯಲ್ಲಿ ಯೋಜನಾ ವೆಚ್ಚದ ಶೇಕಡಾ 40ರಷ್ಟನ್ನು ನಿರ್ಮಾಣದ ಕಾಲದಲ್ಲಿಯೂ ಉಳಿದದ್ದನ್ನು ಕಂತುಗಳಲ್ಲಿಯೂ ಕೊಡುತ್ತಾರೆ. ನಾಳೆ ತಾನೇ ತೇಪೆ ಹಾಕಬೇಕೆಂದು ಗೊತ್ತಿರುವ ಗುತ್ತಿಗೆದಾರ ಇಂದು ಗರಸಿನಲ್ಲಿ ಉಳಿತಾಯ ಮಾಡಲು ಹಿಂಜರಿಯುತ್ತಾನೆ. ಹೀಗಾಗಿ ಈ ಬಗೆಯೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಹುಬ್ಬಳ್ಳಿ-ಧಾರವಾಡ ತ್ವರಿತ ಬಸ್ ಸಾರಿಗೆ ಇನ್ನೊಂದು ಪಾಠ ಹೇಳುತ್ತದೆ. 2012ರಲ್ಲಿ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು. ವಿಶ್ವಬ್ಯಾಂಕಿನ ನೆರವು ದೊರೆಯಿತು. ರಸ್ತೆ, ನಿಲ್ದಾಣ, ಡಿಪೋ, ಟಿಕೆಟಿನ ತಂತ್ರಜ್ಞಾನಗಳಿಗೆ ಬೇರೆ ಬೇರೆ ಗುತ್ತಿಗೆಗಳಾದವು. ಸುಮಾರು 22 ಕಿಲೋಮೀಟರ್ ಹಾದಿಯಲ್ಲಿ ‘ಚಿಗರಿ’ ಹೆಸರಿನ ಈ ಬಸ್ಸುಗಳ ಪ್ರಾಯೋಗಿಕ ಓಡಾಟ ಶುರುವಾದದ್ದು 2018ರ ಅಕ್ಟೋಬರಿನಲ್ಲಿ. ವಿಧ್ಯುಕ್ತ ಉದ್ಘಾಟನೆಯಾದದ್ದು 2020ರ ಫೆಬ್ರವರಿಯಲ್ಲಿ. ಕಾಂಕ್ರೀಟು ಹಾಕುವುದು ಇಲ್ಲಿ ಸುಲಭದ ಭಾಗ. ಭೂಸ್ವಾಧೀನ, ವಿದ್ಯುತ್ ಕಂಬಗಳ ಸ್ಥಳಾಂತರ, ನೀರಿನ ಕೊಳವೆ, ಮರಗಳು, ಹೀಗೆ ಬೇರೆ ಇಲಾಖೆಗಳ ಕೈಯಲ್ಲಿರುವ ಕೆಲಸಗಳೇ ವರ್ಷಗಳನ್ನು ತಿನ್ನುತ್ತವೆ. ಜಾಗ ಕೈಗೆ ಬಾರದೆ ಕಾರ್ಯಾದೇಶ ಕೊಟ್ಟರೆ ಗುತ್ತಿಗೆದಾರನ ಯಂತ್ರಗಳು ಸುಮ್ಮನೆ ನಿಲ್ಲುತ್ತವೆ, ಅವನು ಪರಿಹಾರ ಕೇಳುತ್ತಾನೆ, ದರ ವ್ಯತ್ಯಾಸದ ಹೊರೆ ನಮ್ಮ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಂತಾಗಲೆಲ್ಲ, ಚರಂಡಿಯ ಯೋಜನೆ ರಸ್ತೆಯ ಯೋಜನೆಯೊಳಗೇ ಇರಬೇಕು ಎಂಬ ಮಾತು ಮತ್ತೆ ಕೇಳಿಬರುತ್ತದೆ.

ಕೆಲಸ ನಡೆಯುವಾಗ ಕಾಗದದ ಮಾತು ನೆಲಕ್ಕೆ ಇಳಿದಿದೆಯೇ ಎಂದು ನೋಡುವ ಬಗೆಯೊಂದನ್ನು ವಿವರಿಸುತ್ತೇನೆ. ರೋಲರ್ ಓಡಿಸಿದ ಖಡಿಯ ಪದರದ ಮೇಲೆ ನಡುವೆ ರಂಧ್ರವಿರುವ ಲೋಹದ ತಟ್ಟೆಯನ್ನಿಟ್ಟು, ಆ ರಂಧ್ರದ ಅಳತೆಗೆ ಸರಿಯಾಗಿ ಪದರದ ಆಳದವರೆಗೆ ಗುಂಡಿ ತೋಡುತ್ತಾರೆ. ಹೊರಬಂದ ಸಾಮಗ್ರಿಯನ್ನು ಒಂದು ಚೂರೂ ಬಿಡದೆ ತೂಗುತ್ತಾರೆ. ಬಳಿಕ ಜರಡಿ ಹಿಡಿದ ಒಣ ಮರಳನ್ನು ಸಿಲಿಂಡರಿನಿಂದ ಗುಂಡಿಗೆ ಇಳಿಸಿ, ಹಿಡಿಸಿದ ಮರಳಿನ ತೂಕದಿಂದ ಗುಂಡಿಯ ಗಾತ್ರ ಕಂಡುಹಿಡಿಯುತ್ತಾರೆ. ತೇವಾಂಶ ಕಳೆದು ಬರುವ ಸಾಂದ್ರತೆ ಪ್ರಯೋಗಾಲಯದ ಗರಿಷ್ಠ ಸಾಂದ್ರತೆಯ ಶೇಕಡಾ 98ಕ್ಕೆ ಕಡಿಮೆಯಾದರೆ ಆ ಪದರವನ್ನು ಒಪ್ಪುವಂತಿಲ್ಲ. ಒಪ್ಪಿದ ಮೇಲೆಯೇ ಉದ್ದ, ಅಗಲ, ದಪ್ಪಗಳು ಅಳತೆ ಪುಸ್ತಕಕ್ಕೆ, ಅಂದರೆ ಎಂ.ಬಿ.ಗೆ ಏರಬೇಕು, ಎಂ.ಬಿ.ಯ ಆಧಾರದ ಮೇಲೆಯೇ ಬಿಲ್ಲು ಆಗಬೇಕು. ಮೇಲಿನ ಡಾಂಬರು ಬಿದ್ದ ಮೇಲೆ ಕೆಳಗಿನದನ್ನು ನೋಡಲು ರಸ್ತೆಯನ್ನೇ ಒಡೆಯಬೇಕಾಗುತ್ತದೆ. ಆದ್ದರಿಂದ ಈ ಗುಂಡಿ ತೋಡುವ ಅರ್ಧ ಗಂಟೆಯಷ್ಟು ಬೆಲೆಯುಳ್ಳ ಸಮಯ ಇಡೀ ಕಾಮಗಾರಿಯಲ್ಲಿ ಇನ್ನೊಂದಿಲ್ಲ.

ಊರಿನವರು ಇದರಲ್ಲಿ ಎಲ್ಲಿ ಬರುತ್ತಾರೆ? 2005ರ ಮಾಹಿತಿ ಹಕ್ಕು ಅಧಿನಿಯಮ ಕಡತದ ನಕಲು ಪಡೆಯುವುದಕ್ಕಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವುದಕ್ಕೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದಕ್ಕೂ ಅವಕಾಶ ಕೊಟ್ಟಿದೆ. ಎರಡನೆಯ ಪ್ರಕರಣದ ‘ಜೆ’ ಖಂಡದಲ್ಲಿ ಇದು ಸ್ಪಷ್ಟವಾಗಿದೆ. 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ ಮಂಜೂರಾದ ಅಂದಾಜು ಪತ್ರಿಕೆ, ಮಣ್ಣಿನ ಪರೀಕ್ಷಾ ವರದಿ, ಎಂ.ಬಿ.ಯ ಪುಟಗಳು ಮತ್ತು ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ದಿನಾಂಕ, ಇಷ್ಟನ್ನು ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ದೋಷ ಹೊಣೆಗಾರಿಕೆ ಮುಗಿಯುವ ದಿನಾಂಕ ವಿಶೇಷವಾಗಿ ಮುಖ್ಯ: ಅದು ದಾಟುವ ಮೊದಲು ಬಿದ್ದ ಗುಂಡಿಯನ್ನು ಗುತ್ತಿಗೆದಾರ ತನ್ನ ಖರ್ಚಿನಿಂದಲೇ ಮುಚ್ಚಬೇಕು, ಅವನ ಭದ್ರತಾ ಠೇವಣಿ ಅಲ್ಲಿಯವರೆಗೆ ಇಲಾಖೆಯ ಬಳಿಯೇ ಇರುತ್ತದೆ. ದೂರನ್ನು ಆ ದಿನಾಂಕದೊಳಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ನಮಸ್ಕಾರ.