ಧಾರವಾಡ ಎದ್ದಿತೇನು?

ನಮ್ಮ ಅಜ್ಜ ಯಾವತ್ತೂ ‘ರೇಡಿಯೊ ಹಚ್ಚು’ ಎಂದವನಲ್ಲ. ‘ಧಾರವಾಡ ಎದ್ದಿತೇನು ನೋಡೋ ತಮ್ಮಾ’ ಅನ್ನುತ್ತಿದ್ದ.

ಗುಳೇದಗುಡ್ಡದ ಮನೆ. ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇರುತ್ತಿತ್ತು. ಅಜ್ಜ ಆಗಲೇ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತಿರುತ್ತಿದ್ದ. ಗೋಡೆಯ ಗೂಡಿನಲ್ಲಿ ಟ್ರಾನ್ಸಿಸ್ಟರ್. ಅದಕ್ಕೆ ಅಜ್ಜಿ ಖಣದ, ಅಂದರೆ ರವಿಕೆ ಬಟ್ಟೆಯ, ತುಂಡು ಕೂಡಿಸಿ ಅಂಗಿ ಹೊಲಿದಿದ್ದಳು. ನನ್ನ ಅಂಗಿಗಿಂತ ರೇಡಿಯೊದ ಅಂಗಿಯೇ ಚಂದ ಇತ್ತು, ಸುಳ್ಳಲ್ಲ. ಮುಳ್ಳು ತಿರುಗಿಸುವ ಕೆಲಸ ನನ್ನದು. ಗರಗರ, ಸುಂಯ್ ಅಂತ ಒಂದಿಷ್ಟು ಸದ್ದು. ಆಮೇಲೆ ಮೆಲ್ಲಗೆ ತಂಬೂರಿ, ಅದರ ಮೇಲೆ ಪಿಟೀಲು. ‘ಎದ್ದೈತಜ್ಜಾ!’ ಅಷ್ಟೇ. ಲಾಳಿ ಓಡಲು ಶುರು.

ಆಕಾಶವಾಣಿ ಶುರುವಾಗುವ ಮೊದಲು ಬರುತ್ತಿದ್ದ ಆ ರಾಗ ನಿಮಗೂ ಗೊತ್ತು. ನಾನು ಹೆಸರು ಹೇಳುವ ಮೊದಲೇ ನಿಮ್ಮ ತಲೆಯಲ್ಲಿ ಬಾರಿಸುತ್ತಿದೆ, ಅಲ್ವಾ?

ಈಗ ನನಗೊಂದು ಚಟ ಹತ್ತಿದೆ. ರಾತ್ರಿ ಊಟ ಆದ ಮೇಲೆ ಯೂಟ್ಯೂಬಿನಲ್ಲಿ ಹಳೆಯ ರೇಡಿಯೊ ಜಿಂಗಲ್, ಅಂದರೆ ಸ್ಟೇಷನ್ನಿನ ಗುರುತಿಗೆ ಹಾಕುವ ಪುಟ್ಟ ಧಾಟಿ, ಕೇಳುತ್ತಾ ಕೂರುತ್ತೇನೆ. ಆಕಾಶವಾಣಿಯದು, ವಿವಿಧ ಭಾರತಿಯದು, ಅಮೆರಿಕದ್ದು, ಇಂಗ್ಲೆಂಡಿನದು. ಮನೆಯವರು ‘ವಯಸ್ಸಾಯಿತು ನಿಮಗೆ’ ಅನ್ನುತ್ತಾರೆ. ಎಲ್ಲರೂ ಹೇಳುವುದು ಇದನ್ನೇ. ಹಳೆಯ ನೆನಪು, ಬಾಲ್ಯ, ಅದಕ್ಕೇ ಇಷ್ಟ ಅಂತ.

ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಅಣ್ಣನ ಮಗಳಿಗೆ ಹತ್ತೊಂಬತ್ತು ವರ್ಷ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಜೀವನದಲ್ಲಿ ಒಮ್ಮೆಯೂ ರೇಡಿಯೊದ ಮುಳ್ಳು ತಿರುಗಿಸಿಲ್ಲ. ಅವಳ ಫೋನಿನಲ್ಲಿ ಅರವತ್ತರ ದಶಕದ ಅಮೆರಿಕನ್ ಸ್ಟೇಷನ್‌ಗಳ ಜಿಂಗಲ್ ಇವೆ. ‘ಕಾಕಾ, ಇದನ್ನ ಕೇಳು’ ಅಂತ ನನಗೆ ಕಳಿಸಿದ್ದೇ ಅವಳು. ಅವಳಿಗೆ ಯಾವ ಬಾಲ್ಯದ ನೆನಪು?

ಅವಳು ಕಳಿಸಿದ್ದು ಪ್ಯಾಮ್ಸ್ ಅನ್ನುವ ಕಂಪನಿಯ ಜಿಂಗಲ್. ಊರು ಡಲ್ಲಾಸ್. 1951ರಲ್ಲಿ ಬಿಲ್ ಮೀಕ್ಸ್ ಎಂಬಾತ ಶುರು ಮಾಡಿದ್ದು. ಅವರ ಕೆಲಸದ ರೀತಿ ಮಜವಾಗಿದೆ. ವಾದ್ಯಗಳನ್ನು ಒಮ್ಮೆ ನುಡಿಸಿ ಟೇಪಿನಲ್ಲಿ ಹಿಡಿದಿಡುತ್ತಿದ್ದರು. ಆಮೇಲೆ ಯಾವ ಸ್ಟೇಷನ್ ದುಡ್ಡು ಕೊಡುತ್ತದೋ ಅದರ ಹೆಸರನ್ನು ಗಾಯಕರು ಅದೇ ಧಾಟಿಗೆ ಕೂರಿಸಿ ಹಾಡುತ್ತಿದ್ದರು. ಒಂದೇ ಧಾಟಿ, ಹೆಸರು ಮಾತ್ರ ಬೇರೆ. 1967ರ ಸೆಪ್ಟೆಂಬರ್ 30ರಂದು ಬಿಬಿಸಿಯವರು ರೇಡಿಯೊ ಒನ್ ಶುರು ಮಾಡಿದರಲ್ಲ, ಅವತ್ತು ಹಾಕಿದ ಜಿಂಗಲ್‌ಗಳೂ ಇದೇ ಡಲ್ಲಾಸಿನ ಮಾಲು. ಅಷ್ಟು ದೊಡ್ಡ ಬಿಬಿಸಿ!

ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಒಡಪು. ಮದುವೆಯಲ್ಲಿ ಹೊಸ್ತಿಲ ಮುಂದೆ ಹೆಂಗಸರು ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಹೆಸರನ್ನು ಸುಮ್ನೆ ಹೇಳುವ ಹಾಗೂ ಇಲ್ಲ.

‘ಗುಳೇದಗುಡ್ಡದ ಖಣಾ, ಇಳಕಲ್ಲ ಸೀರಿ,
ಇಂಥಾ ರಾಯರ ಹೆಸರ ಹೇಳತೇನ, ಬಾಗಲಾ ಬಿಟ್ಟು ಸರೀರಿ.’

‘ಇಂಥಾ’ ಅಂದ ಜಾಗದಲ್ಲಿ ಯಾರ ಹೆಸರನ್ನಾದರೂ ಇಡಿ, ನಡೆಯುತ್ತದೆ. ಬೇರೆ ಮನೆಯ ಸೊಸೆಯೂ ಇದನ್ನೇ ಹೇಳಿದ್ದಾಳೆ ಅಂತ ಯಾರೂ ಮುಖ ಸಿಂಡರಿಸುವುದಿಲ್ಲ. ಆ ಹೆಸರು ಪ್ರಾಸಕ್ಕೆ ಕೂತ ಗಳಿಗೆಯಲ್ಲಿ ಅದು ಅವಳದೇ ಆಗುತ್ತದೆ. ಹೆಸರು ಮರೆಯದಂತೆ ಮಾಡುವ ಕಲೆ ಅದು. ಡಲ್ಲಾಸಿನವರು ಇದನ್ನೇ ಹಿಡಿದು ಅಂಗಡಿ ಹಾಕಿದರು, ನಮ್ಮ ಅಜ್ಜಿಯರು ಫುಕಟ್ ಹೇಳಿದರು.

ಸರಿ, ಹೆಸರು ಮರೆಯಬಾರದು ಯಾಕೆ? ಇಲ್ಲಿಗೆ ಬಂದರೆ ನನ್ನ ವಾದ ಗೊತ್ತಾಗುತ್ತದೆ.

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿ 8ರಂದು. ಮೀಡಿಯಂ ವೇವ್ ಅನ್ನುವ ರೇಡಿಯೊ ಅಲೆಯಲ್ಲಿ, 765 ಕಿಲೋಹರ್ಟ್ಸ್. ಆದರೆ ರೇಡಿಯೊದ ಗಾಜಿನ ಪಟ್ಟಿಯ ಮೇಲೆ ‘ಧಾರವಾಡ’ ಅಂತ ಎಲ್ಲಿ ಬರೆದಿರುತ್ತಿತ್ತು? ಒಂದು ಮುಳ್ಳು, ಒಂದಿಷ್ಟು ಅಂಕಿ, ಅಷ್ಟೇ. ಹಗಲು ಹೇಗೋ ನಡೆಯುತ್ತಿತ್ತು. ಕತ್ತಲಾದ ಮೇಲೆ ಮೀಡಿಯಂ ವೇವ್ ಮೇಲಿನ ವಾತಾವರಣಕ್ಕೆ ತಾಗಿ ತಿರುಗಿ ಬೀಳುತ್ತದೆ, ಹಾಗಾಗಿ ಎಲ್ಲೆಲ್ಲಿಯದೋ ಸ್ಟೇಷನ್ ಬಂದು ಕೂರುತ್ತದೆ. ಇಲ್ಲಿ ಸಾಂಗಲಿಯ ಮರಾಠಿ, ಅದರ ಪಕ್ಕಕ್ಕೆ ಪಣಜಿಯ ಕೊಂಕಣಿ, ನಡುವೆ ಯಾರದೋ ಖವ್ವಾಲಿ. ಆ ಸಂತೆಯಲ್ಲಿ ನಮ್ಮವರು ಎಲ್ಲಿದ್ದಾರೆ ಅಂತ ಹುಡುಕಬೇಕು.

ಅದಕ್ಕೇ ಪ್ರಸಾರ ಶುರುವಾಗುವ ಮೊದಲು ಒಂದೇ ರಾಗವನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ನೀವು ಮುಳ್ಳನ್ನು ಅತ್ತ ಇತ್ತ ಆಡಿಸಿ, ಪಿಟೀಲು ಸ್ವಚ್ಛ ಕೇಳಿದ ಕಡೆ ನಿಲ್ಲಿಸಬೇಕು. ವಾಲ್ವ್ ರೇಡಿಯೊ ಆದರೆ ಬಿಸಿಯಾಗಲು ಇನ್ನೂ ಅರ್ಧ ನಿಮಿಷ. ಅಷ್ಟು ಹೊತ್ತು ಆ ರಾಗ ನಿಮಗಾಗಿ ಕಾಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಬಾದಾಮಿ ಬಾದಾಮಿ ಬಾದಾಮಿ’ ಅಂತ ಕೂಗುತ್ತಾನಲ್ಲ, ಅದೇ ಕೆಲಸ. ಹಳೆಯ ಜಿಂಗಲ್‌ಗೆ ಮಾಡಲು ಒಂದು ಕೆಲಸ ಇತ್ತು. ಅದರ ಚೆಲುವು ಆ ಕೆಲಸದಿಂದ ಬಂದದ್ದು. ನನ್ನ ಮಾತು ಇಷ್ಟೇ.

ಆ ರಾಗ ಮಾಡಿದವರು ಯಾರು ಅಂತ ಕೇಳಿದರೆ ಇನ್ನೂ ಮಜಾ. ವಾಲ್ಟರ್ ಕಾಫ್‌ಮನ್ ಅನ್ನುವ ಯಹೂದಿ. 1907ರಲ್ಲಿ ಈಗಿನ ಚೆಕ್ ದೇಶದಲ್ಲಿ ಹುಟ್ಟಿದವರು. ಹಿಟ್ಲರನ ಕಾಲದಲ್ಲಿ, 1934ರಲ್ಲಿ, ಮುಂಬಯಿಗೆ ಬಂದರು. ಮುಂದೆ ಅಲ್ಲಿನ ಆಕಾಶವಾಣಿಯಲ್ಲೇ ಕೆಲಸ. ನಮ್ಮ ಸಂಗೀತ ಮೊದಲು ಕೇಳಿದಾಗ ಅವರಿಗೆ ತಲೆಬುಡ ತಿಳಿಯಲಿಲ್ಲವಂತೆ. ಇಷ್ಟು ಜನ ಮೆಚ್ಚುವ ಸಂಗೀತ ನನಗೆ ಹಿಡಿಸದಿದ್ದರೆ ತಪ್ಪು ನನ್ನದೇ ಅಂದುಕೊಂಡು ಕಲಿಯಲು ಕೂತರು. ನಮ್ಮಲ್ಲಿ ಎಷ್ಟು ಜನ ಹಾಗೆ ಅಂದುಕೊಳ್ಳುತ್ತೇವೆ ಹೇಳಿ. ಆ ಧಾಟಿ ಶಿವರಂಜನಿ ರಾಗದ್ದು ಅನ್ನುತ್ತಾರೆ. ದೇಶ ಬಿಟ್ಟು ಬಂದವರೊಬ್ಬರು ಕಟ್ಟಿದ ರಾಗಕ್ಕೆ ಗುಳೇದಗುಡ್ಡದಲ್ಲಿ ಮಗ್ಗ ಶುರುವಾಗುತ್ತಿತ್ತು.

ಇನ್ನೊಂದು ಸಣ್ಣ ವಿಷಯ, ಗಮನಿಸಿ. ಮೀಡಿಯಂ ವೇವ್‌ನಲ್ಲಿ ಒಂದೊಂದು ಸ್ಟೇಷನ್‌ಗೆ ಸಿಗುವ ಜಾಗ ಬಹಳ ಇಕ್ಕಟ್ಟು, 9 ಕಿಲೋಹರ್ಟ್ಸ್ ಅಷ್ಟೇ. ತೀರಾ ಮೇಲಿನ ಸ್ವರ ಆ ದಾರಿಯಲ್ಲಿ ಬರುವುದಿಲ್ಲ. ಸಣ್ಣ ಸ್ಪೀಕರಿನಲ್ಲಿ ತೀರಾ ಕೆಳಗಿನದೂ ಕೇಳುವುದಿಲ್ಲ. ಉಳಿಯುವುದು ನಡುವಿನ ಭಾಗ. ಮನುಷ್ಯರ ದನಿ, ಪಿಟೀಲು, ಕೊಳಲು. ಹಳೆಯ ಜಿಂಗಲ್‌ಗಳು ಬದುಕಿದ್ದೇ ಈ ಇಕ್ಕಟ್ಟಿನಲ್ಲಿ. ಅದಕ್ಕೇ ಇವತ್ತು ಹರಕು ಫೋನಿನಲ್ಲೂ ಅವು ಸ್ಪಷ್ಟ.

ಈಗಿನ ಎಫ್‌ಎಂ ಕೇಳಿ. ಡಂ ಅಂತ ಬಾಂಬು, ಝೂಂ ಅಂತ ಗಾಡಿ, ನಡುವೆ ಯಾರೋ ಸ್ಟೇಷನ್ ಹೆಸರು ಚೀರುತ್ತಾರೆ. ಯಾಕೆ ಚೀರಬೇಕು? ಪರದೆಯ ಮೇಲೆ ನಂಬರ್ ಕಾಣುತ್ತಿದೆ, ನಾನು ದಾರಿ ತಪ್ಪಿಲ್ಲ. ಹುಡುಕುವವರಿಲ್ಲದ ಕಡೆ ಕರೆಯುವ ದನಿ ಗದ್ದಲ ಆಗಿಬಿಡುತ್ತದೆ. ಅದೂ ಹೋಗಲಿ, ಕಿವಿಗೆ ಒಗ್ಗುವ ಹೊತ್ತಿಗೆ ಬದಲಾಯಿಸಿಬಿಡುತ್ತಾರೆ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. 1967ರಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂದ ಮೇಲೆ ಕಿವಿ ಕೊರೆಯುವ ಹಾಡುಗಳೂ ಬೇಕಾದಷ್ಟು ಬಂದವು. ಒಂದು ಸಾಬೂನಿನದು ನನ್ನ ತಲೆಯಿಂದ ಇನ್ನೂ ಹೋಗಿಲ್ಲ, ಅದನ್ನು ಇಲ್ಲಿ ಹಾಡಿ ನಿಮ್ಮ ದಿನ ಹಾಳು ಮಾಡುವುದಿಲ್ಲ.

ಈಗ ಆಕಾಶವಾಣಿ ಮೊಬೈಲಿನಲ್ಲೇ ಸಿಗುತ್ತದೆ. ನಾನೂ ಹಾಕಿಕೊಂಡಿದ್ದೇನೆ. ಗರಗರ ಇಲ್ಲ, ಸಾಂಗಲಿ ಇಲ್ಲ, ಸ್ವಚ್ಛ ದನಿ. ಒಂದೇ ತೊಂದರೆ. ಇಂಟರ್‌ನೆಟ್ಟಿನಲ್ಲಿ ಹಾದು ಬರುವಾಗ ತಡವಾಗುತ್ತದೆ. ಗಂಟೆಯ ಪೀಪ್ ಪೀಪ್ ಬರುವಷ್ಟರಲ್ಲಿ ಗಂಟೆ ದಾಟಿರುತ್ತದೆ. ಅಜ್ಜ ಆ ಸದ್ದಿಗೆ ಗೋಡೆ ಗಡಿಯಾರ ಸರಿಮಾಡುತ್ತಿದ್ದ. ಈಗ ಸರಿಮಾಡಿದರೆ ಬಾಗಲಕೋಟೆಯ ಬಸ್ಸು ತಪ್ಪುತ್ತದೆ.

ಕೊನೆಗೆ ನನ್ನದೇ ಫಜೀತಿ. ಈ ಪಾಡ್‌ಕಾಸ್ಟ್ ಶುರು ಮಾಡಿದಾಗ ನಾನೂ ಆ್ಯಪ್ ಇಟ್ಟುಕೊಂಡು ಒಂದು ಜಿಂಗಲ್ ಮಾಡಿದ್ದೆ. ಹನ್ನೆರಡು ಸೆಕೆಂಡು. ಅದರಲ್ಲೂ ಬಾಂಬು ಇತ್ತು. ಮೊದಲ ಕೆಲವು ಕಂತು ಕೇಳಿದವರಿಗೆ ಗೊತ್ತು, ಕ್ಷಮಿಸಿ. ಅಣ್ಣನ ಮಗಳು ಕೇಳಿ, ‘ಕಾಕಾ, ಇದರಾಗ ನೀ ಎಲ್ಲದಿ?’ ಅಂದಳು.

ಹೋದ ವಾರ ಊರಿಗೆ ಹೋಗಿದ್ದೆವು. ನಮ್ಮ ಮನೆಯ ತಗ್ಗು ಮುಚ್ಚಿ ಫರಸಿ ಹಾಕಿ ಎಷ್ಟೋ ವರ್ಷ ಆಯಿತು. ಎರಡು ಓಣಿ ಆಚೆ ಒಬ್ಬ ಕಾಕೂ ಇನ್ನೂ ಖಣ ನೇಯುತ್ತಾರೆ. ಅವರನ್ನು ಕೇಳಿ, ಮಗ್ಗದ ಪಕ್ಕ ಫೋನ್ ಇಟ್ಟು ಲಾಳಿಯ ಸದ್ದು ಹಿಡಿದುಕೊಂಡೆ. ‘ಇದನ್ನ ಯಾರ ಕೇಳತಾರೋ’ ಅಂತ ಅವರು ನಕ್ಕದ್ದೂ ಅದರಲ್ಲೇ ಸೇರಿಕೊಂಡಿತು. ತೆಗೆಯಲಿಲ್ಲ. ಒಟ್ಟು ನಾಲ್ಕು ಸೆಕೆಂಡು. ಇಂದಿನಿಂದ ನಮ್ಮ ಜಿಂಗಲ್ ಇದೇ. ನಿಮಗೆ ಬೇಜಾರಾದರೂ ಬದಲಾಯಿಸುವುದಿಲ್ಲ.

(ಮಗ್ಗದ ಸದ್ದು. ನಗು.)