ಚಿಕ್ಕಮಗಳೂರಿನ ಪಿಸಿಗೆ ಏಳು ಫ್ಯಾನ್ ಯಾಕೆ?

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಚಿಕ್ಕಮಗಳೂರಿನಲ್ಲಿ ಪಿಸಿ ಕಟ್ಟಿಸುವವರಿಗೆ ಏಳು ಫ್ಯಾನಿನ ಕ್ಯಾಬಿನೆಟ್ ಬೇಕಾಗಿಲ್ಲ. ಸಾಮಾನ್ಯ ಗೇಮಿಂಗ್ ಪಿಸಿಗೆ ಮೂರು ಸಾಕು. ಆದರೆ ಆ ಮೂರೂ ಒಳ್ಳೆಯವಾಗಿರಬೇಕು, ನಿಧಾನಕ್ಕೆ ತಿರುಗಬೇಕು.

ಕಂಪ್ಯೂಟರ್ ಸಾಮಾನು ಸಿಗುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಫ್ಯಾನಿನ ಡಬ್ಬಿ ಮೇಲೆ ದೊಡ್ಡದಾಗಿ ಕಾಣುವುದು ಸಿಎಫ್‌ಎಂ. ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ. ಸುಳ್ಳೇನಲ್ಲ. ಆದರೆ ಫ್ಯಾನಿಗೆ ಏನೂ ಅಡ್ಡ ಇಲ್ಲದಾಗ ಅಳೆದದ್ದು. ನಿಮ್ಮ ಕ್ಯಾಬಿನೆಟ್ಟಿನಲ್ಲಿ ಧೂಳಿನ ಫಿಲ್ಟರ್ ಇದೆ, ಎದುರಿಗೆ ಗಾಜು ಇದೆ. ಅದನ್ನೆಲ್ಲ ದಾಟಿ ಗಾಳಿ ಎಳೆಯಬೇಕಾದರೆ ಸ್ಟ್ಯಾಟಿಕ್ ಪ್ರೆಶರ್ ಬೇಕು, ಅಂದರೆ ಅಡ್ಡವನ್ನು ಮೀರಿ ಗಾಳಿ ನೂಕುವ ಒತ್ತಡ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆರ್ಕ್ಟಿಕ್ ಕಂಪನಿಯ ಪಿ12 ಫ್ಯಾನ್ ನೋಡಿ: 56.3 ಸಿಎಫ್‌ಎಂ, ಸ್ಟ್ಯಾಟಿಕ್ ಪ್ರೆಶರ್ 2.2 ಮಿಲಿಮೀಟರ್ ನೀರಿನಷ್ಟು. ಎರಡೂ ಅಂಕಿ ಬರೆದಿರುವ ಫ್ಯಾನನ್ನೇ ಕೊಳ್ಳಿ.

ಈಗ ಸದ್ದು. ವೇಗ ಅರ್ಧ ಮಾಡಿದರೆ ಗಾಳಿಯೂ ಸುಮಾರು ಅರ್ಧ ಆಗುತ್ತದೆ. ಸದ್ದು ಮಾತ್ರ ಹೆಚ್ಚುಕಡಿಮೆ 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧ ಅನ್ನಿಸುತ್ತದೆ! ಅದೇ ಒಂದರ ಪಕ್ಕ ಅಂಥದ್ದೇ ಇನ್ನೊಂದು ಫ್ಯಾನ್ ಹಾಕಿದರೆ ಏರುವುದು ಬರೀ 3 ಡೆಸಿಬೆಲ್. ಹಾಗಾದರೆ ಏಳು ಹಾಕಿ ನಿಧಾನಕ್ಕೆ ಓಡಿಸಬಹುದಲ್ವಾ ಅಂತೀರಿ. ಲೆಕ್ಕ ಸರಿ. ಆದರೆ ಬಣ್ಣದ ಲೈಟು ಹಾಕಿದ ಅಗ್ಗದ ಫ್ಯಾನ್ ಸೆಟ್ಟುಗಳಲ್ಲಿ ಎಷ್ಟೋ ಫ್ಯಾನುಗಳು ಪವರ್ ಸಪ್ಲೈಗೆ ನೇರ ಸಿಕ್ಕಿಸುವಂಥವು. ವೇಗ ಇಳಿಸುವ ದಾರಿಯೇ ಇಲ್ಲ. ಏಳೂ ಒಂದೇ ಸಮ ಗುಂಯ್ ಅನ್ನುತ್ತವೆ. ಮದರ್‌ಬೋರ್ಡೇ ವೇಗ ಏರಿಳಿಸಬಲ್ಲ, ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನ್ ತಗೊಳ್ಳಿ.

ನಮ್ಮೂರಲ್ಲಿ ಇದು ಯಾಕೆ ಮುಖ್ಯ ಗೊತ್ತಾ? ಬಯಲುಸೀಮೆಯ ಮನೆಗಳಲ್ಲಿ ತಲೆ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿರುತ್ತದೆ, ಪಿಸಿ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ಇಲ್ಲಿ ಡಿಸೆಂಬರ್ ರಾತ್ರಿ ಯಾರು ಫ್ಯಾನ್ ಹಾಕುತ್ತಾರೆ? ಸಣ್ಣ ಗುಂಯ್ ಕೂಡ ಪಕ್ಕದ ಕೋಣೆಗೆ ಕೇಳಿಸುತ್ತದೆ. (ಜುಲೈನಲ್ಲಿ ಹಂಚಿನ ಮೇಲೆ ಮಳೆ ಬೀಳುವಾಗ ಬಿಡಿ, ಎದುರು ಕೂತವರ ಮಾತೇ ಕೇಳಿಸಲ್ಲ.) ಕೋಣೆ ಬಯಲುಸೀಮೆಗಿಂತ ಎಂಟು ಡಿಗ್ರಿ ತಣ್ಣಗಿದ್ದರೆ ಒಳಗಿನ ಚಿಪ್ಪುಗಳೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತವೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಶೇಕಡಾ 10ರಷ್ಟು ತೆಳು, ಹಾಗಾಗಿ ಬಿಸಿ ಹೊತ್ತೊಯ್ಯುವುದೂ ಸ್ವಲ್ಪ ಕಡಿಮೆ, ಅದು ನಿಜ. ಆದರೂ ಲಾಭ ನಮಗೇ ಜಾಸ್ತಿ. ಆ ಚಳಿಯನ್ನು ಸದ್ದು ಇಳಿಸುವುದಕ್ಕೆ ಬಳಸಿಕೊಳ್ಳಿ.

ಮುಂದೆ ಎರಡು ಫ್ಯಾನ್ ಒಳಗೆಳೆಯಲಿ, ಹಿಂದೆ ಒಂದು ಹೊರಹಾಕಲಿ. ಹೀಗೆ ಒಳಬರುವ ಗಾಳಿ ಹೆಚ್ಚಿದ್ದರೆ ಧೂಳು ಸಂದುಗೊಂದಿನಿಂದ ನುಗ್ಗದೆ ಫಿಲ್ಟರಿನಲ್ಲೇ ನಿಲ್ಲುತ್ತದೆ. ಮನೆ ಪಕ್ಕ ಕಾಫಿ ಒಣಗಿಸುವ ಕಣ ಇದ್ದರೆ ಫಿಲ್ಟರ್ ಆಗಾಗ ತೊಳೆಯಿರಿ. ಜಾಗ ಇದ್ದರೆ 140 ಮಿಲಿಮೀಟರಿನ ದೊಡ್ಡ ಫ್ಯಾನನ್ನೇ ಹಾಕಿ. ಅಷ್ಟೇ ಗಾಳಿಗೆ ಅದು ಕಡಿಮೆ ತಿರುಗಿದರೆ ಸಾಕು.

ಆಮೇಲೆ ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಫ್ಯಾನ್ ಕರ್ವ್ ಸರಿಮಾಡಿ, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಲೆಕ್ಕ. ಚಿಪ್ಪಿನ ಬಿಸಿ 60 ಡಿಗ್ರಿ ಆಗುವವರೆಗೆ ಫ್ಯಾನ್ 700 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲೇ ಇರಲಿ. ವೇಗ ಏರುವುದಕ್ಕೆ ಕೆಲವು ಸೆಕೆಂಡು ತಡ ಇಡಿ. ಒಂದೇ ಸಮದ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ಏರಿಳಿಯುವ ಸದ್ದಿಗೆ ತಲೆ ಕೆಡುತ್ತದೆ. ಇಷ್ಟಾದ ಮೇಲೂ ಟಿಕ್ ಟಿಕ್ ಅಂತಿದ್ದರೆ ಮೊದಲು ವೈರ್ ತಾಗುತ್ತಿದೆಯಾ ನೋಡಿ. ಇಲ್ಲ ಅಂದರೆ ಬಹುಶಃ ಬೇರಿಂಗ್ ಹೋಗಿದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಫ್ಯಾನ್ ಬದಲಾಯಿಸಿ.